ಅಡಿಗೊಂದು ಪೌಂಡಿನ ಪತ್ತೇದಾರ

ಮೊನ್ನೆ ರಾತ್ರಿ ನಿದ್ದೆ ಬರಲಿಲ್ಲ ಅಂತ 1930ರ ದಶಕದ ಒಂದು ಬ್ರಿಟಿಷ್ ಪತ್ತೇದಾರಿ ಸಿನಿಮಾ ಹಾಕಿಕೊಂಡೆ. ತಕ್ಷಣ ನಿದ್ದೆ ಬಂತು. ಎಚ್ಚರವಾಗಿ ನೋಡಿದರೆ ಕಥೆ ಬಿಟ್ಟ ಜಾಗದಲ್ಲೇ ಕೂತಿತ್ತು.

ಒಬ್ಬ ಮುದಿ ವಿಜ್ಞಾನಿ ಹೊಸ ಲೋಹದ ಸೂತ್ರ ಕಂಡುಹಿಡಿದಿದ್ದಾನೆ. ಇಡೀ ದೇಶದ ಕಾರ್ಖಾನೆಗಳ ಭವಿಷ್ಯ ಅದರಲ್ಲಿದೆಯಂತೆ. ಅದನ್ನು ಒಂದೇ ಹಾಳೆಯಲ್ಲಿ ಬರೆದು, ಮೇಜಿನ ಡ್ರಾಯರ್‌ಗೆ ತುರುಕಿ, ಕಿಟಕಿ ತೆರೆದಿಟ್ಟು ಮಲಗುತ್ತಾನೆ. ನಮ್ಮಜ್ಜಿ ರೇಷನ್ ಕಾರ್ಡನ್ನು ಇದಕ್ಕಿಂತ ಜೋಪಾನವಾಗಿ ಇಡುತ್ತಿದ್ದರು. ಸೂತ್ರ ಕಳುವಾಗುತ್ತದೆ. ಕದ್ದವನು ವಿದೇಶಿ ಕಂಪನಿಯ ಗೂಢಚಾರ. ಅವನ ಮೀಸೆ ನೋಡಿದರೇ ಗೊತ್ತಾಗುತ್ತದೆ. ಸ್ಕಾಟ್ಲೆಂಡ್ ಯಾರ್ಡ್ ಇನ್‌ಸ್ಪೆಕ್ಟರ್‌ಗೆ ಮಾತ್ರ ಕೊನೆವರೆಗೂ ಗೊತ್ತಾಗಲ್ಲ.

‘ನಮ್ಮ ಗುಟ್ಟು ಕದಿಯಲು ಎಷ್ಟು ಧೈರ್ಯ!’ ಅಂತ ಆತ ಟೀ ಹೀರುತ್ತಲೇ ಗುಡುಗುತ್ತಾನೆ. ಟೀ ಹೀರುತ್ತಾ! 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿ ರಾಬರ್ಟ್ ಫಾರ್ಚೂನ್ ಎಂಬಾತನನ್ನು ಚೀನಾಕ್ಕೆ ಕಳಿಸಿತ್ತು. ಆತ ತಲೆಯ ಮುಂಭಾಗ ಬೋಳಿಸಿ, ಹಿಂದೆ ಜಡೆ ಇಟ್ಟು, ಚೀನೀಯರ ವೇಷ ಹಾಕಿಕೊಂಡು ಟೀ ಗಿಡ, ಬೀಜ, ಜೊತೆಗೆ ಟೀ ಮಾಡುವ ಕೆಲಸಗಾರರನ್ನೇ ಭಾರತಕ್ಕೆ ಸಾಗಿಸಿದ. ಬೇಹುಗಾರಿಕೆ ಅಂದರೆ ಅದು. ಅದನ್ನೇ ಸಿನಿಮಾ ಮಾಡಬಹುದಿತ್ತು ಅಲ್ವಾ? ಆದರೆ ಚೀನಾ ಸೆಟ್ಟಿಗೆ ದುಡ್ಡೆಲ್ಲಿ? ಇದ್ದ ಸೆಟ್ಟಿನ ಬಾಗಿಲು ಹಾಕಿದರೇ ಗೋಡೆ ಅಲ್ಲಾಡುತ್ತಿತ್ತು.

ಇದರ ಹಿಂದೆ ಒಂದು ಕಾನೂನಿದೆ. ಬ್ರಿಟನ್ನಿನ ಥಿಯೇಟರುಗಳಲ್ಲಿ ಅಮೆರಿಕದ ಸಿನಿಮಾಗಳೇ ತುಂಬಿದ್ದವು. ಸ್ವದೇಶಿ ಸಿನಿಮಾ ಉಳಿಸಬೇಕು ಅಂತ 1927ರಲ್ಲಿ ಪಾರ್ಲಿಮೆಂಟು ಕೋಟಾ ತಂದಿತು. ಮೊದಲಿಗೆ ವಿತರಕರಿಗೆ ಶೇ. 7.5, ಥಿಯೇಟರುಗಳಿಗೆ ಶೇ. 5 ಬ್ರಿಟಿಷ್ ಸಿನಿಮಾ ಕಡ್ಡಾಯ. ಜಾರಿಗೆ ಬಂದದ್ದು 1928ರ ಏಪ್ರಿಲ್ 1ಕ್ಕೆ. ತಾರೀಖು ನಾನು ಆರಿಸಿದ್ದಲ್ಲ.

ಬ್ರಿಟನ್ನಿನಲ್ಲಿ ಸಿನಿಮಾ ಹಂಚುತ್ತಿದ್ದ ಅಮೆರಿಕದ ಕಂಪನಿಗಳು ‘ಅಷ್ಟೇ ತಾನೇ?’ ಅಂದವು. ಬ್ರಿಟಿಷ್ ಸಿನಿಮಾ ಬೇಕು ಅಂತ ಕಾನೂನು ಹೇಳಿತ್ತು, ಚೆನ್ನಾಗಿರಬೇಕು ಅಂತ ಹೇಳಿರಲಿಲ್ಲ. ರೀಲಿನ ಒಂದು ಅಡಿಗೆ ಒಂದು ಪೌಂಡು ಅಂತ ರೇಟು ಕಟ್ಟಿ ಸಿನಿಮಾ ಮಾಡಿಸಿದವು. ಹೆಸರೇ ‘ಕೋಟಾ ಕ್ವಿಕಿ’, ಅಂದರೆ ಕೋಟಾ ತುಂಬಿಸಲು ಗಡಿಬಿಡಿಯಲ್ಲಿ ಸುತ್ತಿದ ಸಿನಿಮಾ. ನಮ್ಮಲ್ಲಿ ಮಲ್ಲಿಗೆ ಮೊಳದ ಲೆಕ್ಕದಲ್ಲಿ ಕೊಳ್ಳುತ್ತೇವೆ. ಆದರೆ ಹೂವಾಡಗಿತ್ತಿ ಹತ್ತಿರ ‘ಇನ್ನೊಂದ್ಸಲ ಅಳೆಯಮ್ಮ’ ಅಂತ ಜಗಳವಾಡಬಹುದು.

ಲೆಕ್ಕ ಕೇಳಿ. ಟಾಕಿ ಸಿನಿಮಾದ ರೀಲು ನಿಮಿಷಕ್ಕೆ 90 ಅಡಿ ಓಡುತ್ತದೆ. ನಮ್ಮ ಇನ್‌ಸ್ಪೆಕ್ಟರ್ ಸಿಗರೇಟು ತೆಗೆದು, ಕಡ್ಡಿಗೆ ಜೇಬು ತಡಕಿ, ಗೀರಿ, ಹೊಗೆ ಬಿಡುವುದಕ್ಕೆ 20 ಸೆಕೆಂಡು. ಅಂದರೆ 30 ಅಡಿ, 30 ಪೌಂಡು! ಆಮೇಲೆ ಮೆಟ್ಟಿಲು ಹತ್ತುತ್ತಾನೆ. ಒಂದೊಂದೇ ಮೆಟ್ಟಿಲು. ಮೇಲೆ ಹೋದಮೇಲೆ ಟೋಪಿ ಮರೆತದ್ದು ನೆನಪಾಗಿ ಇಳಿಯುತ್ತಾನೆ. ಇದು ಸಸ್ಪೆನ್ಸ್ ಅಂತ ನಾನು ಸುಮ್ನೆ ಉಸಿರು ಬಿಗಿಹಿಡಿದಿದ್ದೆ. ಕಾರ್ಖಾನೆಗೆ ಬೆಂಕಿ ಬಿದ್ದದ್ದನ್ನು ಮಾತ್ರ ಫೋನಿನಲ್ಲಿ ಹೇಳಿ ಮುಗಿಸಿದರು.

ಇನ್ನೊಂದು ತಮಾಷೆ. ಆ ಕಾನೂನಿನ ಪ್ರಕಾರ ಸಾಮ್ರಾಜ್ಯದ ಯಾವ ಮೂಲೆಯಲ್ಲಿ ತೆಗೆದರೂ ಅದು ಬ್ರಿಟಿಷ್ ಸಿನಿಮಾ. ಬ್ರಿಟಿಷ್ ಇಂಡಿಯಾದಲ್ಲಿ ತೆಗೆದ ಪೌರಾಣಿಕ ಕೂಡ ಕೋಟಾಕ್ಕೆ ನಡೆಯುತ್ತಿತ್ತು! 1938ರಲ್ಲಿ ಹೊಸ ಕಾನೂನು ಬಂದು ಆ ದಾರಿ ಮುಚ್ಚಿತು. ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು ಅಂತಲೂ ಹೇಳಿತು. ಗುಣ ಅಳೆಯಲು ಈ ಸಲ ಅಡಿಕೋಲು ಬಿಟ್ಟು ಪಾಸ್‌ಬುಕ್ ಹಿಡಿದರು.

ನ್ಯಾಯ ಹೇಳಬೇಕು. ಮೈಕೆಲ್ ಪೊವೆಲ್ ಅಂಥ ದೊಡ್ಡ ನಿರ್ದೇಶಕ ಕೈ ಪಳಗಿಸಿಕೊಂಡದ್ದು ಇಂಥ ಅಗ್ಗದ ಚಿತ್ರಗಳಲ್ಲೇ. ಉಳಿದವುಗಳ ಬಗ್ಗೆ ಒಂದು ಮಾತು ಚಾಲ್ತಿಯಲ್ಲಿದೆ: ಕೋಟಾ ತುಂಬಿಸಲು ಅವನ್ನು ಬೆಳಗ್ಗೆ, ಥಿಯೇಟರ್ ಗುಡಿಸುವ ಹೊತ್ತಿನಲ್ಲಿ ಓಡಿಸುತ್ತಿದ್ದರಂತೆ. ಪರದೆಯ ಮೇಲೆ ಇನ್‌ಸ್ಪೆಕ್ಟರ್ ‘ಯಾರೂ ಅಲ್ಲಾಡಬೇಡಿ!’ ಅಂತ ಪಿಸ್ತೂಲು ಹಿಡಿದು ಅಬ್ಬರಿಸಿದಾಗ, ಮೂರನೇ ಸಾಲಿನಲ್ಲಿ ಪೊರಕೆ ಹಿಡಿದ ಹೆಂಗಸು ತಲೆ ಎತ್ತಿಯಾದರೂ ನೋಡಿದ್ದಳೋ ಇಲ್ಲವೋ.