ಕ್ವಾರ್ಟರ್‌ಬ್ಯಾಕಿಗೆ ಕಂಡ ದೆವ್ವ

ಅಮೆರಿಕದ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಪರ ಚೆಂಡು ಎಸೆಯುವವನು, ಒಂದು ಕೆಟ್ಟ ಎಸೆತ ಎಸೆದರೆ ಸಾಕು, ಊರಿನ ಸೋಫಾಗಳ ಮೇಲೆಲ್ಲ ಡಾಕ್ಟರುಗಳು ಎದ್ದು ಕೂರುತ್ತಾರೆ. 'ಹುಡುಗನಿಗೆ ಕಾನ್ಫಿಡೆನ್ಸೇ ಇಲ್ಲ' ಅಂತ ಒಬ್ಬ. 'ಅಯ್ಯೋ, ಜಾಸ್ತಿ ಆಗಿದ್ದಕ್ಕೇ ಅಲ್ವಾ ಇಬ್ಬರ ಮಧ್ಯೆ ತೂರಿಸಲು ಹೋಗಿದ್ದು' ಅಂತ ಇನ್ನೊಬ್ಬ. ಇಬ್ಬರೂ ನೋಡಿದ್ದು ಅದೇ ಎಸೆತ.

ಸ್ಯಾಮ್ ಡಾರ್ನಾಲ್ಡ್‌ನಷ್ಟು ಈ ತಪಾಸಣೆಗೆ ಮೈಯೊಡ್ಡಿದವರು ಕಡಿಮೆ. 2019ರ ಅಕ್ಟೋಬರ್ 21, ಸೋಮವಾರ ರಾತ್ರಿ, ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂ. ಇಪ್ಪತ್ತೆರಡರ ಹುಡುಗ ನ್ಯೂಯಾರ್ಕ್ ಜೆಟ್ಸ್ ಪರ ಆಡುತ್ತಿದ್ದ. ಜೆಟ್ಸ್ ಕೊನೆಯ ಸಲ ಸೂಪರ್ ಬೌಲ್, ಅಂದರೆ ಆ ಆಟದ ಫೈನಲ್, ಗೆದ್ದಿದ್ದು 1969ರಲ್ಲಿ. ಹದಿನೆಂಟನೇ ಸೀಸನ್‌ವರೆಗೆ 'ಈ ಸಲ ಕಪ್ ನಮ್ದೇ' ಅಂದುಕೊಂಡೇ ಬಂದ ನಮ್ಮವರಿಗೆ ಆ ಅಭಿಮಾನಿಗಳ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಅವತ್ತು ಎದುರಿದ್ದವರು ಪೇಟ್ರಿಯಟ್ಸ್. ಎಸೆದ ಚೆಂಡು ಎದುರಾಳಿಯ ಕೈಸೇರುವ ಇಂಟರ್‌ಸೆಪ್ಶನ್ ನಾಲ್ಕು, ಎಸೆದು ಗಳಿಸಿದ್ದು ಬರೀ 86 ಯಾರ್ಡ್, ಸೋಲು 33-0. ಇಷ್ಟಾದರೆ ಜನ ಮರೆಯುತ್ತಿದ್ದರೇನೋ. ಆದರೆ ಟೀವಿಯವರು ಅವನ ಅಂಗಿಗೆ ಮೈಕ್ ಸಿಕ್ಕಿಸಿದ್ದರು. ಬೆಂಚಿನ ಮೇಲೆ ಕೂತು ಅವನು 'ನನಗೆ ದೆವ್ವಗಳು ಕಾಣ್ತಿವೆ' ಅಂದದ್ದು ದೇಶಕ್ಕೆಲ್ಲ ಕೇಳಿಸಿತು.

ಅವನು ಹೇಳಿದ್ದು ಆಟದ ಮಾತೇ. ಮೇಲೆ ಬೀಳಲು ಯಾರೂ ಬರದಿದ್ದಾಗಲೂ ಬಂದರು ಅನ್ನಿಸುವುದು. ಅನ್ನಿಸದೆ ಏನು? ಚೆಂಡು ಕೈಗೆ ಬಂದ ಮೇಲೆ ಸಿಗುವುದು ಎರಡೂವರೆ, ಮೂರು ಸೆಕೆಂಡ್. ಎದುರು ಸಾಲಿನಲ್ಲಿ ಆರೇಳು ದಢೂತಿ ಆಳುಗಳು ನುಗ್ಗುವವರ ಹಾಗೆ ನಿಂತಿರುತ್ತಾರೆ. ಕೆಲವರು ನುಗ್ಗುತ್ತಾರೆ, ಕೆಲವರು ಸುಮ್ನೆ ಹಿಂದೆ ಸರಿಯುತ್ತಾರೆ. ಎರಡು ಸಲ ಪೆಟ್ಟು ತಿಂದವನ ಕಣ್ಣು ಮೂರನೇ ಸಲ ದೂರದ ಗೆಳೆಯನನ್ನು ಹುಡುಕುವುದಿಲ್ಲ, ಹತ್ತಿರದ ಭುಜಗಳನ್ನು ನೋಡುತ್ತದೆ. ಮೈ ಹಿಂದಕ್ಕೆ ವಾಲುತ್ತದೆ, ಹಿಂಗಾಲಿನ ಮೇಲಿಂದ ಎಸೆದ ಚೆಂಡು ತೇಲಿಕೊಂಡು ಹೋಗಿ ಎದುರಾಳಿಯ ಮಡಿಲಿಗೆ ಬೀಳುತ್ತದೆ. ಕ್ಯಾಮೆರಾ ಚೆಂಡಿನ ಹಿಂದೆ ಓಡುವುದರಿಂದ, ಅವನನ್ನು ಕಾಯಬೇಕಿದ್ದ ಗಾರ್ಡ್ ಕಾಲು ಜಾರಿದ್ದು ಮನೆಯಲ್ಲಿ ಕೂತವರಿಗೆ ಕಾಣುವುದೇ ಇಲ್ಲ. ಕಾಣದ ಜಾಗಕ್ಕೆಲ್ಲ ನಾವು ಕಾನ್ಫಿಡೆನ್ಸ್ ತುಂಬುತ್ತೇವೆ.

ಆಮೇಲೆ ಅವನು ಕೆರೊಲಿನಾ, ಸ್ಯಾನ್ ಫ್ರಾನ್ಸಿಸ್ಕೊ ಅಂತ ಊರೂರು ಅಲೆದ. 2024ರಲ್ಲಿ ಮಿನೆಸೋಟಾ ವೈಕಿಂಗ್ಸ್‌ಗೆ 14 ಗೆಲುವು, ಅಂಕ ತಂದ ಟಚ್‌ಡೌನ್ ಎಸೆತ 35. 'ಕಾನ್ಫಿಡೆನ್ಸ್ ಬಂತು ನೋಡಿ' ಅಂದರು. ನನ್ನ ಕೇಳಿದರೆ, ಬಂದದ್ದು ಒಳ್ಳೆ ಕೋಚ್ ಮತ್ತು ಎಲ್ಲಿ ಎಸೆದರೂ ಹಿಡಿಯುವ ಜಸ್ಟಿನ್ ಜೆಫರ್ಸನ್. ಪ್ಲೇಆಫ್‌ನಲ್ಲಿ ರ‍್ಯಾಮ್ಸ್ ತಂಡ ಅವನನ್ನು ಒಂಬತ್ತು ಸಲ ನೆಲಕ್ಕೆ ಕೆಡವಿತು. ಕಾಯುವವರು ಎಲ್ಲಿದ್ದರು ಅಂತ ಕೇಳುವ ಬದಲು, ದೆವ್ವ ವಾಪಸ್ ಬಂತು ಅಂತ ನಕ್ಕವರೇ ಜಾಸ್ತಿ.

ಮುಂದಿನ ವರ್ಷ ಅವನು ಸಿಯಾಟಲ್‌ಗೆ ಹೋದ. 2026ರ ಫೆಬ್ರವರಿಯಲ್ಲಿ ಅದೇ ಪೇಟ್ರಿಯಟ್ಸ್ ಎದುರು 29-13ರಿಂದ ಸೂಪರ್ ಬೌಲ್ ಗೆದ್ದ. ಇನ್ನಾದರೂ ಡಾಕ್ಟರುಗಳು ಮನೆಗೆ ಹೋಗಬೇಕಿತ್ತು. ಎಲ್ಲಿ! 'ಗೆಲ್ಲಿಸಿದ್ದು ಡಿಫೆನ್ಸ್ ಕಣ್ರೀ, ಅವನೇನು ಮಾಡಿದ' ಅಂತ ಶುರು. ಅದೂ ಪೂರ್ತಿ ಸುಳ್ಳಲ್ಲ ಬಿಡಿ, ಅವತ್ತು ಕಿಕ್ಕರ್ ಒಬ್ಬನೇ ಚೆಂಡನ್ನು ಕಂಬಗಳ ನಡುವೆ ಒದ್ದು ಐದು ಫೀಲ್ಡ್ ಗೋಲ್ ಹೊಡೆದಿದ್ದ.