ಎಫ್‌ಐಆರ್ ಆದ ಮೂರನೇ ವಾರ

"ಸದರಿ ಆರೋಪಿಯು ಜಾತಿ ನಿಂದನೆ ಮಾಡಿ, ಅವಾಚ್ಯ ಶಬ್ದಗಳಿಂದ ಬೈದು, ಜೀವ ಬೆದರಿಕೆ ಹಾಕಿರುತ್ತಾನೆ."

ತಾಲ್ಲೂಕು ಕಚೇರಿ ಮುಂದಿನ ಟೈಪಿಂಗ್ ಅಂಗಡಿಗಳಲ್ಲಿ ಈ ಸಾಲು ರೆಡಿ ಇರುತ್ತದೆ. ಹೆಸರು, ತಾರೀಖು ತುಂಬಿಸಿ ಪ್ರಿಂಟ್ ತೆಗೆದರೆ ದೂರು ಮುಗಿಯಿತು. ಅಟ್ರಾಸಿಟಿ ಕೇಸುಗಳು ಹೈಕೋರ್ಟಿನಲ್ಲಿ ರದ್ದಾದಾಗ ಕಾಯ್ದೆಯನ್ನೋ ಜಡ್ಜನ್ನೋ ಬೈಯುವ ನಾವು ಈ ಸಾಲನ್ನು ಒಮ್ಮೆಯೂ ಬೈದಿಲ್ಲ.

1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್) ಮತ್ತು 3(1)(ಎಸ್) ಕಲಂಗಳು ಎರಡು ವಿಷಯ ಕೇಳುತ್ತವೆ. ಅವಮಾನ ಜಾತಿಯ ಕಾರಣಕ್ಕೆ ಆಗಿರಬೇಕು ಅಥವಾ ಜಾತಿ ಹೆಸರು ಹಿಡಿದು ಬೈದಿರಬೇಕು. ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ನಾಲ್ಕು ಗೋಡೆಯ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದದ್ದು ಈ ಕಲಂಗಳಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿದೆ. 2022ರಲ್ಲಿ ನಮ್ಮ ಹೈಕೋರ್ಟು ಕೂಡ ಕಟ್ಟಡದ ಬೇಸ್‌ಮೆಂಟಿನಲ್ಲಿ ಬೈದ ಪ್ರಕರಣವೊಂದನ್ನು ರದ್ದು ಮಾಡಿತು. ಖಾಸಗಿ ಮನೆಯ ಗೇಟಿನ ಮುಂದೆ, ರಸ್ತೆಯಲ್ಲಿ ಹೋಗುವವರಿಗೆ ಕಾಣುವಂತೆ ಬೈದರೆ ಅದೂ ಸಾರ್ವಜನಿಕರ ಕಣ್ಣಿಗೆ ಬಿದ್ದ ಲೆಕ್ಕವೇ. ಆದ್ದರಿಂದ ಎಲ್ಲಿ ನಿಂತು ಬೈದರು, ಆಗ ಅಲ್ಲಿ ಯಾರಿದ್ದರು ಎನ್ನುವುದು ದೂರಿನಲ್ಲೇ ಬರಬೇಕು. ನಂತರ ಹೇಳಿಕೆಯಲ್ಲಿ ಸೇರಿಸಿದರೆ "ವಕೀಲರು ಹೇಳಿಕೊಟ್ಟದ್ದು" ಅನ್ನಿಸಿಕೊಳ್ಳುತ್ತದೆ.

ದೂರು ಹೀಗಿರಲಿ: "ಸಂಜೆ ಸುಮಾರು 6.30ಕ್ಕೆ ಹಾಲಿನ ಡೇರಿ ಮುಂದಿನ ಕಟ್ಟೆಯ ಹತ್ತಿರ ನಾನು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಇಂಥವರ ಮಗ ಇಂಥವನು, ಇಂಥ ಜಾತಿಯವನು, ನನ್ನನ್ನು ನೋಡಿ ಹೀಗೆಂದ." ಅಲ್ಲಿಂದ ಮುಂದೆ ಅವನ ಬಾಯಿಂದ ಬಂದದ್ದು ಬಂದ ಹಾಗೇ, ಜಾತಿ ಹೆಸರು ಸಮೇತ. ಬರೆಯಲು ಕೈ ಬರುವುದಿಲ್ಲ, ಗೊತ್ತು. ಬರೆದುಕೊಳ್ಳುವ ಪೊಲೀಸರಿಗೂ ಮುಜುಗರ. ಆದರೆ "ಅವಾಚ್ಯ" ಎಂಬ ಪದ ಆ ಮಾತನ್ನು ಮುಚ್ಚಿಹಾಕಿ ಆರೋಪಿಗೆ ಉಪಕಾರ ಮಾಡುತ್ತದೆ. ಆಮೇಲೆ ಸಾಲಿನಲ್ಲಿದ್ದ ಇಬ್ಬರು ಮೂವರ ಹೆಸರು. ಒಬ್ಬರಾದರೂ ನಿಮ್ಮ ಕೇರಿಯ ಹೊರಗಿನವರಾದರೆ ಒಳ್ಳೆಯದು.

ಆರೋಪಿಯ ಜಾತಿ ಬರೆಯಲು ಮರೆಯಬೇಡಿ. ಅವನೂ ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದರೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ನಿಮ್ಮ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿ, ಜೆರಾಕ್ಸ್ ಲಗತ್ತಿಸಿ. ಎರಡು ದಿನ ತಡವಾಗಿದ್ದರೆ ಏಕೆಂದು ಒಂದು ಸಾಲು ಸಾಕು: ಆಸ್ಪತ್ರೆಯಲ್ಲಿದ್ದೆ, ಊರವರು ರಾಜಿಗೆ ಕೂರಿಸಿದ್ದರು, ಹೆದರಿದ್ದೆ. ಕಾರಣ ಹೇಳದೆ ಬಿಟ್ಟ ತಡವೇ ಮುಂದೆ ಪಾಟೀಸವಾಲಿನಲ್ಲಿ ಕುತ್ತು.

ಪೆಟ್ಟು ಬಿದ್ದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. "ಬಿದ್ದು ಗಾಯವಾಯ್ತು" ಅಂತ ಬರೆಸಬೇಡಿ. ಯಾರು, ಯಾತರಿಂದ ಹೊಡೆದರು ಎಂದು ಹೇಳಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆ ದಾಖಲೆ) ಮಾಡಿಸಿ. ಗಾಯ ಪ್ರಮಾಣಪತ್ರ ಇದರ ಮೇಲೆಯೇ ಬರುತ್ತದೆ. ಹೊಡೆತ, ಬೆದರಿಕೆ ಇದ್ದಲ್ಲಿ ಎಫ್‌ಐಆರ್‌ನಲ್ಲಿ ಅವನ್ನೂ ಈ ಕಾಯ್ದೆಯಡಿ ತರುವ 3(2)(ವಿಎ) ಕಲಂ ಇದೆಯೇ ನೋಡಿ, ಬಿಟ್ಟುಹೋಗಿದ್ದರೆ ಬರಹದಲ್ಲಿ ಕೇಳಿ.

ಠಾಣೆಯಲ್ಲಿ ಕೇಳಿಬರುವ ಮಾತು, "ಅರ್ಜಿ ಕೊಟ್ಟು ಹೋಗಿ, ಕರೆಸಿ ವಿಚಾರಿಸ್ತೀವಿ." ಅರ್ಜಿ ನಂಬರ್ ಬೇರೆ, ಎಫ್‌ಐಆರ್ ಬೇರೆ. 2018ರ ತಿದ್ದುಪಡಿಯಿಂದ ಬಂದ 18ಎ ಕಲಂ ಪ್ರಕಾರ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಎತ್ತಿಹಿಡಿದಿದೆ. ಬಾಯಿಮಾತಿನ ದೂರಾದರೂ ಅಧಿಕಾರಿ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದು, ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಬೇಕೆಂದೇ ಕರ್ತವ್ಯ ಬಿಟ್ಟ ಅಧಿಕಾರಿಗೆ 4ನೇ ಕಲಂ ಅಡಿ ಆರು ತಿಂಗಳಿಂದ ಒಂದು ವರ್ಷದವರೆಗೆ ಶಿಕ್ಷೆ ಇದೆ. ಇದನ್ನು ಠಾಣೆಯಲ್ಲಿ ಕೂಗಾಡಿ ಹೇಳುವುದಕ್ಕಿಂತ ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸಿ ರಸೀದಿ ಇಟ್ಟುಕೊಳ್ಳುವುದು ಮೇಲು. ಒಂದು ಪ್ರತಿ ಇಂಥ ಪ್ರಕರಣಗಳನ್ನು ನೋಡುವ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಹೋಗಲಿ. ದೌರ್ಜನ್ಯ ಪ್ರಕರಣಗಳ ರಾಷ್ಟ್ರೀಯ ಸಹಾಯವಾಣಿ 14566. ಕರೆ ಮಾಡಿದವರು ದೂರಿನ ನಂಬರ್ ಬರೆದಿಟ್ಟುಕೊಳ್ಳಬೇಕು. ನಂಬರ್ ಇಲ್ಲದ ಕರೆಗೆ ದಾಖಲೆ ಇಲ್ಲ.

ಪ್ರತಿದೂರು ಬಂದೇ ಬರುತ್ತದೆ ಅಂದುಕೊಂಡೇ ಇರಿ. ಅದೇ ದಿನ ರಾತ್ರಿ, ನೀವೇ ಹೊಡೆದಿರಿ, ಮನೆಗೆ ನುಗ್ಗಿದಿರಿ ಅಂತ. ಆಮೇಲೆ "ಎರಡೂ ಕಡೆ ಕೇಸು ವಾಪಸ್ ತಗೊಳ್ಳಿ" ಎಂಬ ಸಂಧಾನ. ನಿಮ್ಮ ದೂರಿನಲ್ಲಿ ಹೊತ್ತು, ಜಾಗ ಖಚಿತವಾಗಿ ಇದ್ದು, ಆಸ್ಪತ್ರೆ ಚೀಟಿಯ ಸಮಯ ಅದಕ್ಕೆ ಹೊಂದಿದರೆ ಪ್ರತಿದೂರಿನ ಬಲ ಅರ್ಧಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಮೊದಲ ಮೂರು ದಿನದ ಮಾತು. ಆಗ ಜನ ಇರುತ್ತಾರೆ. ಸಂಘಟನೆಯವರು ಬರುತ್ತಾರೆ, ಶಾಸಕರು ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ, ಫೇಸ್‌ಬುಕ್ಕಿನಲ್ಲಿ ನಾವೂ ಎರಡು ಪೋಸ್ಟ್ ಹಾಕುತ್ತೇವೆ. ಕೇಸು ಸಡಿಲವಾಗುವುದು ಮೂರನೇ ವಾರದಲ್ಲಿ, ಊರು ಮೆಲ್ಲಗೆ ಬಾಗಿಲು ಹಾಕಿಕೊಳ್ಳತೊಡಗಿದಾಗ.

ಬಹಿಷ್ಕಾರಕ್ಕೆ ಈಗ ಡಂಗೂರ ಬೇಕಿಲ್ಲ. ಕಿರಾಣಿ ಅಂಗಡಿಯವನು "ಸ್ಟಾಕ್ ಇಲ್ಲ" ಅನ್ನುತ್ತಾನೆ. ಹಿಟ್ಟಿನ ಗಿರಣಿ ನೀವು ಹೋದಾಗಲೇ ಕೆಟ್ಟಿರುತ್ತದೆ. ಆಟೋದವನು ಕೈ ಅಡ್ಡ ಮಾಡಿದರೂ ನಿಲ್ಲಿಸುವುದಿಲ್ಲ. ಡೇರಿಯಲ್ಲಿ ಹಾಲಿಗೆ "ಡಿಗ್ರಿ ಇಲ್ಲ" ಎಂಬ ತಕರಾರು. ನಾಳೆಯಿಂದ ಕೂಲಿಗೆ ಬರಬೇಡ ಅನ್ನುವವರೇ ಹಳೇ ಕೈಸಾಲವನ್ನು ಈಗಲೇ ವಾಪಸ್ ಕೇಳುತ್ತಾರೆ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ದೂರು ಕೊಡುವಂಥದ್ದೇನೂ ಕಾಣುವುದಿಲ್ಲ; ಅದರ ಜಾಣತನವೇ ಅದು. ಆದರೆ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರ 3(1)(ಜೆಡ್‌ಸಿ) ಕಲಂ ಅಡಿ ಪ್ರತ್ಯೇಕ ಅಪರಾಧ.

ಅದನ್ನು ಸಾಬೀತು ಮಾಡಲು ಒಂದು 100 ಪುಟದ ನೋಟ್‌ಬುಕ್ ಸಾಕು. ಪಿಯುಸಿ ಓದುವ ಹುಡುಗಿಯೊಬ್ಬಳ ಕೈಗೆ ಕೊಡಿ. ತಾರೀಖು, ಹೊತ್ತು, ಯಾವ ಅಂಗಡಿ, ಏನು ಕೇಳಿದೆವು, ಏನೆಂದರು, ಜೊತೆಗೆ ಯಾರಿದ್ದರು. ದಿನಕ್ಕೆ ನಾಲ್ಕು ಸಾಲು. ಅಂಗಡಿಗೆ ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಒಬ್ಬರು ಕೇಳಲಿ, ಇನ್ನೊಬ್ಬರು ಸಾಕ್ಷಿ. ಹತ್ತು ದಿನದ ಬರಹ ಕೂಡಿದರೆ ಅದರ ಮೇಲೆ ಹೊಸ ದೂರು ಕೊಡಬಹುದು. ಖಾಸಗಿ ಅಂಗಡಿ, ಹೋಟೆಲಿನೊಳಗೆ ಬಿಡದಿದ್ದರೆ ಅದಕ್ಕೆ 3(1)(ಜೆಡ್‌ಎ) ಕಲಂ ಇದೆ. ನ್ಯಾಯಬೆಲೆ ಅಂಗಡಿ ನಡೆಯುವುದು ಸರ್ಕಾರದ ಪರವಾನಗಿಯಲ್ಲಿ, ಅದರ ದೂರು ತಹಶೀಲ್ದಾರರಿಗೆ. ಹಾಲಿನ ಡೇರಿ ಸಹಕಾರ ಸಂಘ, ಸದಸ್ಯರ ಹಾಲನ್ನು ಜಾತಿ ನೋಡಿ ತಳ್ಳುವಂತಿಲ್ಲ. ಹಾಲು ಒಕ್ಕೂಟಕ್ಕೂ ಸಹಕಾರ ಇಲಾಖೆಗೂ ಬರೆಯಿರಿ. ಕೂಲಿ ನಿಂತರೆ ಉದ್ಯೋಗ ಖಾತ್ರಿಯಡಿ ಕೆಲಸ ಕೇಳಿ ಪಂಚಾಯ್ತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲವಾದರೆ ನಿರುದ್ಯೋಗ ಭತ್ಯೆ. ಪಿಡಿಒ ಸ್ವೀಕೃತಿ ಕೊಡಲು ಹಿಂದೆಮುಂದೆ ನೋಡಿದರೆ ಅದೂ ನೋಟ್‌ಬುಕ್ಕಿಗೆ.

ಬೆಂಬಲಕ್ಕೆ ನಿಲ್ಲುವವರಿಗೆ ನನ್ನ ವಿನಂತಿ: ಮೈಕು, ಶಾಮಿಯಾನದ ಖರ್ಚಿನಲ್ಲಿ ಅರ್ಧವನ್ನು ಅಕ್ಕಿ, ಬೇಳೆ, ಎಣ್ಣೆಗೆ ತೆಗೆದಿಡಿ. ಕೇರಿಯಲ್ಲಿ 15 ಮನೆ ಇದ್ದರೆ ಮೂರು ತಿಂಗಳಿಗೆ ಎಷ್ಟು ಬೇಕೆಂದು ಕೂತು ಲೆಕ್ಕ ಹಾಕಿ. ಕೈಸಾಲ ತೀರಿಸಲು ಸ್ವಸಹಾಯ ಸಂಘದಿಂದ ಆಗುತ್ತದೆಯೇ ನೋಡಿ, ಏಕೆಂದರೆ ಸಾಕ್ಷಿ ಬಗ್ಗುವುದು ಹೆಚ್ಚಾಗಿ ಸಾಲಕ್ಕೆ. ನಮ್ಮಲ್ಲಿ ದಲಿತ ಸಂಘರ್ಷ ಸಮಿತಿಯ ಬಣಗಳು ಹಲವು. ಯಾವ ಬಣ ಎನ್ನುವುದು ಸಂತ್ರಸ್ತರಿಗೆ ಮುಖ್ಯವಲ್ಲ. ಮೂರು ವರ್ಷದ ಮೇಲೆ ಕೋರ್ಟಿಗೆ ಜೊತೆಗೆ ಬರುವವರು ಯಾರು ಎಂದು ಮಾತ್ರ ಕೇಳಿ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಇಡೀ ರಾಜ್ಯ ಬೀದಿಗಿಳಿಯಿತು. 2006ರಲ್ಲಿ ಕೋರ್ಟು ಆರೋಪಿಗಳನ್ನು ಬಿಟ್ಟಿತು, ಸಾಕ್ಷಿಗಳು ತಿರುಗಿಬಿದ್ದಿದ್ದರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟರು. ಕ್ಷೌರದಂಗಡಿ, ಹೋಟೆಲಿಗೆ ಬಿಡದಿರುವ ಜಗಳ ಅಲ್ಲಿ ಮೊದಲೇ ಇತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಎರಡು ಊರಿನ ಕಥೆಯೂ ಬೇರೆ, ಒಂದಕ್ಕೊಂದು ಹೋಲಿಸಿ ತೀರ್ಪು ಕೊಡಲಾರೆ. ಆದರೆ ಹತ್ತು ವರ್ಷದ ಮೇಲೂ ಕಟಕಟೆಗೆ ಹತ್ತಿ ಹೇಳುವ ಮಂದಿ ಇಲ್ಲದೆ ಮರಕುಂಬಿಯ ತೀರ್ಪು ಬರುತ್ತಿರಲಿಲ್ಲ ಎನ್ನುವುದನ್ನು ಕಾನೂನು ಓದಿಯೇ ತಿಳಿಯಬೇಕಿಲ್ಲ.

ಹಣದ ವಿಷಯಕ್ಕೆ ನಾಚಬೇಡಿ. ಪರಿಹಾರ ಯಾರ ಭಿಕ್ಷೆಯೂ ಅಲ್ಲ, ನಿಯಮದಲ್ಲಿದೆ. 2016ರ ನಿಯಮಗಳಂತೆ 85,000 ರೂಪಾಯಿಯಿಂದ 8.25 ಲಕ್ಷದವರೆಗೆ. ಜಾತಿ ಹೆಸರಿನ ಅವಮಾನಕ್ಕೆ ಒಂದು ಲಕ್ಷ: ಎಫ್‌ಐಆರ್ ಹಂತದಲ್ಲಿ ಕಾಲು ಭಾಗ, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ ಅರ್ಧ, ಶಿಕ್ಷೆಯಾದ ಮೇಲೆ ಉಳಿದದ್ದು. ಎಫ್‌ಐಆರ್ ಪ್ರತಿ, ಜಾತಿ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಹಿಡಿದು ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಗೆ ಹೋಗಿ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, ಚಾರ್ಜ್‌ಶೀಟ್ 60 ದಿನದಲ್ಲಿ ಆಗಬೇಕು. 61ನೇ ದಿನ ಒಂದು ಪತ್ರ ಬರೆಯಿರಿ, ಪ್ರತಿಯನ್ನು ಜಿಲ್ಲಾಧಿಕಾರಿಗೆ ಹಾಕಿ. ಅವರ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು, ಅಲ್ಲಿ ಇಂಥ ಪತ್ರಗಳಿಗೆ ಬೆಲೆ ಇದೆ.

ವಾಟ್ಸಾಪ್ ಗ್ರೂಪಿನ, ಫೇಸ್‌ಬುಕ್ಕಿನ ಬೈಗುಳವಾದರೆ ಸ್ಕ್ರೀನ್‌ಶಾಟಿನಲ್ಲಿ ನಂಬರ್, ತಾರೀಖು, ಲಿಂಕ್ ಕಾಣುತ್ತಿರಲಿ. ಮೊಬೈಲ್ ಬದಲಿಸಬೇಡಿ, ಚಾಟ್ ಅಳಿಸಬೇಡಿ. ಮುಂದೆ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರಕ್ಕೆ ಆ ಸಾಧನವೇ ಬೇಕು. ಕಾಲೇಜು ಹಾಸ್ಟೆಲಿನ ಕಿರುಕುಳಕ್ಕೆ ರ್‍ಯಾಗಿಂಗ್ ಸಹಾಯವಾಣಿ 1800-180-5522 ಇದೆ. ಆದರೆ ಜಾತಿ ಹಿಡಿದು ಬೈದಿದ್ದರೆ "ಹುಡುಗರ ತಮಾಷೆ" ಎಂಬ ವಾರ್ಡನ್ ಮಾತು ಕೇಳಿ ಅಲ್ಲಿಗೇ ನಿಲ್ಲಿಸಬೇಡಿ, ಠಾಣೆಗೂ ಹೋಗಿ.

ಇನ್ನು ಕೋರ್ಟು. 15ಎ ಕಲಂ ಪ್ರಕಾರ ಆರೋಪಿಯ ಜಾಮೀನು ಅರ್ಜಿ ಬಂದಾಗ ನಿಮಗೆ ನೋಟಿಸ್ ಬರಬೇಕು, ನಿಮ್ಮ ಮಾತು ಕೇಳಬೇಕು. ನೋಟಿಸ್ ಕೊಡದೆ ಜಾಮೀನು ಆಗಿದ್ದರೆ ಅದನ್ನೇ ಪ್ರಶ್ನಿಸಬಹುದು, 2021ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರು, ಫೋನು 15100. ಸಾಕ್ಷಿ ಹೇಳಲು ಹೋದ ದಿನದ ಬಸ್ ಚಾರ್ಜು, ಕೂಲಿ ನಷ್ಟ, ಊಟದ ಖರ್ಚು ಸರ್ಕಾರದ್ದು. ಬಸ್ ಟಿಕೆಟ್ ಎಸೆಯಬೇಡಿ ಎಂದು ಮೊದಲೇ ಹೇಳಿಡಿ. ಊರಿನ ಆಟೋ ಆ ದಿನ ಬರುವುದಿಲ್ಲ. ಪಕ್ಕದೂರಿನದನ್ನು ಹಿಂದಿನ ರಾತ್ರಿಯೇ ಮಾತಾಡಿಡಿ, ಬುತ್ತಿ ಕಟ್ಟಿಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಆರೋಪಿ ಕಡೆಯವರು ಕೋರ್ಟಿನ ಕ್ಯಾಂಟೀನಿನಲ್ಲಿ "ಬಾರಪ್ಪ, ಟೀ ಕುಡಿ" ಅಂತ ಕರೆಯುತ್ತಾರೆ. ಸಾಕ್ಷಿಯ ಪಕ್ಕದಲ್ಲಿ ಆಗ ನಮ್ಮವರೊಬ್ಬರು ಕೂತಿರಬೇಕು, ಫ್ಲಾಸ್ಕಿನಲ್ಲಿ ಟೀ ಸಮೇತ.