ತಲೆ ಕೆಟ್ಟ ಗಾಡಿ

ಹಳೇ ಹುಬ್ಬಳ್ಳಿಯಲ್ಲಿ ನಮ್ಮದೊಂದು ಪಾತ್ರೆ ಮತ್ತು ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿಯಿದೆ. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದವೆಂದರೆ ನಮ್ಮ ಪಿಕಪ್ ಗಾಡಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಹೋದ ವರ್ಷ ಸರಿಯಾಗಿ ಅದೇ ಹೊತ್ತಿಗೆ, ಅನ್ನದ ಕೊಪ್ಪರಿಗೆಗಳನ್ನೂ ಸಾರಿನ ಬೋಗುಣಿಗಳನ್ನೂ ಹೇರಿಕೊಂಡು ಹಾವೇರಿಯ ಮದುವೆಯೊಂದಕ್ಕೆ ಹೊರಟಿದ್ದ ಗಾಡಿ, ತಡಸ ದಾಟಿ ಶಿಗ್ಗಾವಿ ಮುಟ್ಟುವ ಮೊದಲೇ, ರಾಷ್ಟ್ರೀಯ ಹೆದ್ದಾರಿ 48ರ ಅಂಚಿನಲ್ಲಿ ನಿಂತುಬಿಟ್ಟಿತು. ಅದು ಕೆಮ್ಮಲಿಲ್ಲ, ಹೊಗೆ ಉಗುಳಲಿಲ್ಲ, ಮಾತಿನ ನಡುವೆ ಫೋನ್ ಕಟ್ಟಾದ ಹಾಗೆ ಸುಮ್ಮನಾಯಿತು. ಅರ್ಧ ತಾಸು ಕಳೆದ ಮೇಲೆ ಚಾವಿ ತಿರುವಿದರೆ, ಏನೂ ನಡೆದೇ ಇಲ್ಲವೆಂಬಂತೆ ಹೊರಟಿತು. ಹೆಣ್ಣಿನ ಕಡೆಯವರಿಗೆ ನಾನು ಟೈರ್ ಪಂಕ್ಚರ್ ಆಗಿತ್ತೆಂದು ಹೇಳಿದೆ. ಗಾಡಿಯೇ ಮನಸ್ಸು ಬದಲಿಸಿತೆಂದು ಹೇಳಿದ್ದರೆ ನಂಬುವವರಾದರೂ ಯಾರು?

ಅಂದಿನಿಂದ ಅದಕ್ಕೆ ಅದೇ ಚಾಳಿಯಾಯಿತು. ಮುಂಜಾನೆಯ ತಂಪಿನಲ್ಲಿ ಮದುಮಗಳಂತೆ ವಿನಯದಿಂದ ಓಡುವ ಗಾಡಿ, ಎಂಜಿನ್ ಬಿಸಿಯೇರಿದ ಮೇಲೆ ತನಗೆ ಬೇಕಾದಲ್ಲಿ ನಿಲ್ಲುತ್ತಿತ್ತು. ಒಮ್ಮೆ ಅದು ಆರಿಸಿಕೊಂಡ ಜಾಗ ಚೆನ್ನಮ್ಮ ವೃತ್ತ. ಕತ್ತಿ ಹಿರಿದ ರಾಣಿ ಕುದುರೆಯ ಮೇಲಿನಿಂದ ನೋಡುತ್ತಿರುವಾಗ, ಎಲ್ಲ ದಿಕ್ಕಿನ ಹಾರ್ನುಗಳ ನಡುವೆ, ನೂರೈವತ್ತು ಖುರ್ಚಿ ತುಂಬಿದ ಗಾಡಿಯನ್ನು ದೂಡಿದ ನನಗೆ, ಕುದುರೆಯೆಂಬ ವಾಹನದ ಮೇಲೆ ಅಪಾರ ಗೌರವ ಹುಟ್ಟಿತು.

ಗೋಕುಲ ರಸ್ತೆಯ ಕಡೆಗೆ ಹೋದರೆ ಗಾಡಿ ರಿಪೇರಿ ಮಾಡುವವರಿಗೆ ಬರವಿಲ್ಲ, ಅಭಿಪ್ರಾಯಗಳಿಗಂತೂ ಇಲ್ಲವೇ ಇಲ್ಲ. ಮೊದಲನೆಯ ಮಿಸ್ತ್ರಿ ಡೀಸೆಲ್ ಫಿಲ್ಟರ್ ಬದಲಿಸಿದರು, ಎರಡನೆಯವರು ಬ್ಯಾಟರಿ ಬದಲಿಸಿದರು. ಮೂರನೆಯವರು ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ, ಎಂಜಿನ್ನಿನ ತಿರುಗಾಟ ಅಳೆಯುವ ಕ್ರ್ಯಾಂಕ್ ಸೆನ್ಸರ್ ಹೋಗಿದೆಯೆಂದು ಗಾಡಿಯ ಕಂಪ್ಯೂಟರೇ ಹೇಳುತ್ತಿದೆ ಎಂದರು. ಹೊಸದು ಹಾಕಿಸಿದೆ. ಎರಡು ದಿನಗಳ ನಂತರ ಅದೇ ಕಂಪ್ಯೂಟರು ಡೀಸೆಲ್ ಒತ್ತಡ ಅಳೆಯುವ ಸೆನ್ಸರಿನ ಮೇಲೆ ದೂರಿತು. ಅದನ್ನೂ ಹಾಕಿಸಿದೆ. ಆಮೇಲೆ ಅಕ್ಸಿಲರೇಟರ್ ಪೆಡಲ್ಲಿನ ಸರದಿ ಬಂತು. ನಡುಮನೆಯಲ್ಲಿ ಕುಳಿತು ಸೊಸೆಯಂದಿರ ತಪ್ಪುಗಳನ್ನು ಒಂದೊಂದಾಗಿ ಎಣಿಸುವ ಹಿರಿಯರ ಮಾತನ್ನು ನಾವು ಹೇಗೆ ಎದುರಾಡದೆ ಕೇಳುತ್ತೇವೆಯೋ, ಹಾಗೆಯೇ ಸ್ಕ್ಯಾನರಿನ ಪರದೆಯ ಮೇಲೆ ಬಂದದ್ದನ್ನೆಲ್ಲ ನಾನು ಕೇಳಿದೆ, ಕೇಳಿದಷ್ಟು ದುಡ್ಡನ್ನೂ ಕೊಟ್ಟೆ. ದೂರು ಕೊಡುವುದೂ ಆ ಕಂಪ್ಯೂಟರೇ, ಸಾಕ್ಷಿ ನುಡಿಯುವುದೂ ಅದೇ, ತೀರ್ಪು ಹೇಳುವುದೂ ಅದೇ ಎಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಬಾನೆಟ್ ಎತ್ತಿ, ಇದು ಎಂಜಿನ್, ಇದು ರೇಡಿಯೇಟರ್, ಬದಿಗಿರುವ ಈ ಬೆಳ್ಳನೆಯ ಅಲ್ಯೂಮಿನಿಯಂ ಪೆಟ್ಟಿಗೆಯೇ ಕಂಪ್ಯೂಟರು, ಗಾಡಿಯ ತಲೆ ಎಂದು ಅವ್ವನೆದುರು ಪಾಂಡಿತ್ಯ ಮೆರೆದಿದ್ದ ನನಗಂತೂ, ಆ ತಲೆಯ ಮೇಲೆ ಸಂಶಯ ಬರಲು ಕಾರಣವೇ ಇರಲಿಲ್ಲ.

ಕಡೆಗೊಂದು ದಿನ ಗಾಡಿ ಅಂಗಡಿಯ ಮುಂದೆಯೇ ನಿಂತು, ಇನ್ನು ಏಳುವುದಿಲ್ಲವೆಂದು ಹಟ ಹಿಡಿದಾಗ, ಪರಿಚಯದವರೊಬ್ಬರು ವೈರಿಂಗ್ ಕೆಲಸದ ಮಿಸ್ತ್ರಿಯೊಬ್ಬರನ್ನು ಕಳಿಸಿದರು. ಮಿತಭಾಷಿಯಾದ ಅವರು ಸ್ಕ್ಯಾನರನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ, ಬರಿಯ ಮೀಟರ್ ಹಿಡಿದು ಕುಳಿತರು. ಸೆನ್ಸರುಗಳಿಗೆ ಕಂಪ್ಯೂಟರು 5 ವೋಲ್ಟಿನಷ್ಟು ಕರೆಂಟ್ ಕೊಟ್ಟು ಸಾಕಬೇಕಂತೆ. ಅಲ್ಲಿ ಎರಡು ವೋಲ್ಟೂ ಇರಲಿಲ್ಲ. ಯಾವುದೋ ಒಂದು ಸೆನ್ಸರ್ ಶಾರ್ಟ್ ಆಗಿದ್ದರೂ ಎಲ್ಲರ ಪಾಲಿನ ಅನ್ನಕ್ಕೆ ಕಲ್ಲು ಬೀಳುತ್ತದೆಯೆಂದು ಹೇಳಿ, ಅವರು ಸೆನ್ಸರುಗಳಿಗೆ ವೈರು ಕೂಡಿಸುವ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಮೀಟರ್ ನೋಡಿದರು. ಎಲ್ಲವನ್ನೂ ಬಿಚ್ಚಿದ ಮೇಲೂ ಆ 5 ವೋಲ್ಟ್ ಬರಲಿಲ್ಲ. ಕಂಪ್ಯೂಟರಿಗೆ ಬರುವ 12 ವೋಲ್ಟ್ ಸರಿಯಿತ್ತು, ಅರ್ಥಿಂಗೂ ಗಟ್ಟಿಯಿತ್ತು.

"ಸೆನ್ಸರ್ ಎಲ್ಲಾ ಪಾಪದವು, ಸಾವಕಾರ್ರ," ಎಂದರು ಅವರು. "ಉಪಾಸ ಕೆಡವಿ ಕೆಲಸಾ ಮಾಡಂಗಿಲ್ಲ ಅಂತ ಬೈದ್ರ ಅವರರ ಏನ್ ಮಾಡ್ತಾರ? ತಲೀನ ಕೆಟ್ಟೈತಿ."

ನಾನು ಬದಲಿಸಿದ ಸೆನ್ಸರುಗಳು, ತಮ್ಮದಲ್ಲದ ತಪ್ಪಿಗೆ ತವರಿಗೆ ಅಟ್ಟಿಸಿಕೊಂಡವರಂತೆ, ಇನ್ನೂ ಅಂಗಡಿಯ ಗಲ್ಲೆಯ ಹಿಂದೆ ಬಿದ್ದಿವೆ.

ಹೊಸ ಕಂಪ್ಯೂಟರಿನ ಬೆಲೆ ಕೇಳಿದ ಮೇಲೆ ನಾನು ಗುಜರಿಯ ದಾರಿ ಹಿಡಿದೆ. ನಮ್ಮ ಗಾಡಿ ಬಿಎಸ್ 4 ಕಾಲದ್ದು, ಅಂದರೆ 2020ರ ಏಪ್ರಿಲ್ 1ರಂದು ಬಿಎಸ್ 6 ಎಂಬ ಹೊಗೆ ನಿಯಮ ಕಡ್ಡಾಯವಾಗುವುದಕ್ಕಿಂತ ಮೊದಲಿನದು. ಅದೇ ಕಂಪನಿಯದು, ನೋಡಲು ಅದರಂತೆಯೇ ಇರುವಂಥದು ಎಂದರೆ ಸಾಲದು, ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿರುವ ನಂಬರಿನ ಕೊನೆಯ ಅಂಕಿಯವರೆಗೂ ತಾಳೆಯಾಗಬೇಕು. ಜಾತಕ ಕೂಡಿಸುವಲ್ಲಿ ನಮ್ಮ ಮನೆತನ ಇಷ್ಟು ಬಿಗಿಯಾಗಿದ್ದಿದ್ದರೆ ನನಗೆ ಇನ್ನೂ ಮದುವೆಯೇ ಆಗುತ್ತಿರಲಿಲ್ಲ. ನಾಲ್ಕು ದಿನ ಅಲೆದು, ಅಪಘಾತದಲ್ಲಿ ನುಜ್ಜಾದ ಗಾಡಿಯೊಂದರ ಪೆಟ್ಟಿಗೆಯನ್ನು 14,000 ರೂಪಾಯಿ ಕೊಟ್ಟು ತಂದೆ. ಮಿಸ್ತ್ರಿ ಬ್ಯಾಟರಿಯ ಕೇಬಲ್ ಬಿಚ್ಚಿ, ಹಳೆಯದನ್ನು ಇಳಿಸಿ, ಇದನ್ನು ಕೂಡಿಸಿದರು. ಚಾವಿ ತಿರುವಿದ ಕೂಡಲೇ ಗಾಡಿ ಎರಡು ಸೆಕೆಂಡು ಗುರ್ರೆಂದು ನಿಂತಿತು. ಮತ್ತೆ ತಿರುವಿದರೆ ಮತ್ತೆ ಎರಡೇ ಸೆಕೆಂಡು. ಡ್ಯಾಶ್‌ಬೋರ್ಡಿನಲ್ಲಿ ಬೀಗದ ಚಿತ್ರವಿದ್ದ ಕೆಂಪು ದೀಪವೊಂದು ಮಿಣುಕುತ್ತಿತ್ತು.

ಚಾವಿಯ ತಲೆಯೊಳಗೆ ಒಂದು ಚಿಪ್ ಇರುತ್ತದೆ, ಅದರ ಗುರುತನ್ನು ಕಂಪ್ಯೂಟರು ನೆನಪಿಟ್ಟುಕೊಂಡಿರುತ್ತದೆ, ಗುರುತು ಸಿಗದಿದ್ದರೆ ಡೀಸೆಲ್ ಬಿಡುವುದಿಲ್ಲ. ನಾವು ತಂದ ತಲೆ ತನ್ನ ಹಳೆಯ ಯಜಮಾನನನ್ನೇ ಧ್ಯಾನಿಸುತ್ತಿತ್ತು. ಕಂತು ಕಟ್ಟಿ, ವಿಮೆ ತುಂಬಿ, ಆರ್‌ಟಿಒ ಕಚೇರಿಯ ಮೆಟ್ಟಿಲು ಸವೆಸಿದ ನನ್ನನ್ನು, ನನ್ನದೇ ಅಂಗಡಿಯ ಬಾಗಿಲಲ್ಲಿ, ಓಣಿಯವರೆಲ್ಲ ನೋಡುತ್ತಿರುವಾಗ, ನನ್ನ ಗಾಡಿ ಕಳ್ಳನೆಂದು ತೀರ್ಮಾನಿಸಿತ್ತು.

ಹಳೆಯ ಪೆಟ್ಟಿಗೆಯೊಳಗಿನ ಎಂಟು ಕಾಲಿನ ಸಣ್ಣ ಚಿಪ್ಪಿನಲ್ಲಿ ನಮ್ಮ ಚಾವಿಯ ನೆನಪು ಇನ್ನೂ ಉಳಿದಿರಬಹುದು, ಅದನ್ನು ಓದಿ ಇದಕ್ಕೆ ಇಳಿಸಿದರಾಯಿತು ಎಂದು ಹೇಳಿ, ಮಿಸ್ತ್ರಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅದರ ಮುಚ್ಚಳ ಎಬ್ಬಿಸಿದರು. ಕಪ್ಲರ್ ಕೂಡುವ ಪಿನ್ನುಗಳ ಬುಡದಿಂದ ಹಸಿರು ಕಿಲುಬು ಹೊರಟು, ಕೆರೆಯಂಚಿನ ಪಾಚಿಯ ಹಾಗೆ, ಅರ್ಧ ಬೋರ್ಡನ್ನು ಆವರಿಸಿತ್ತು. ಕಪ್ಲರಿನ ರಬ್ಬರ್ ಸೀಲು ಒಣಗಿ ಸೀಳಿತ್ತು, ಅದರ ಸಂದಿಯಲ್ಲಿ ಚೆಂಡುಹೂವಿನ ಒಂದು ಎಸಳು ಕುಂಕುಮದೊಡನೆ ಅಂಟಿಕೊಂಡಿತ್ತು. ಮಿಸ್ತ್ರಿ ಬೆರಳಿನಿಂದ ಮುಟ್ಟಿ ನೋಡಿದರು, ಮೂಸಿಯೂ ನೋಡಿದರು.

"ನೀರ ಹೋಗೈತ್ರಿ ಇದರೊಳಗ. ಬರೇ ನೀರಲ್ಲ, ಏನೋ ಜಿಗುಟೈತಿ."

ಗಾಡಿ ತೊಳೆಯುವವನು ಪ್ರೆಶರ್ ಪೈಪನ್ನು ಎಲ್ಲೆಂದರಲ್ಲಿ ಹಿಡಿದಿರಬೇಕೆಂದು ನಾನು ಖಾರವಾಗಿ ಹೇಳುತ್ತಿರುವಾಗಲೇ, ಅವ್ವ ಚಹಾ ತೆಗೆದುಕೊಂಡು ಹೊರಗೆ ಬಂದಳು.

"ತೊಳ್ಯಾಂವಂದೇನೂ ತಪ್ಪಿಲ್ಲಪ್ಪಾ," ಎಂದು ಆಕೆ ಅಭಿಮಾನದಿಂದಲೇ ಹೇಳಿದಳು. "ಖಂಡೇ ಪೂಜಿ ದಿನಾ ಐದು ಟೆಂಗಿನಕಾಯಿ ಒಡದು, ಒಂದ ಹನಿ ನೆಲಕ್ಕ ಬೀಳಲಾರದಂಗ ಅದರ ಮ್ಯಾಲೇ ಹಾಕೀನಿ. ಇದ ಗಾಡಿ ತಲಿ ಅಂತ ಇವನ ತೋರಿಸಿದ್ದ."

ಮಿಸ್ತ್ರಿ ನನ್ನ ಮುಖವನ್ನು ನೋಡಲಿಲ್ಲ, ಅಷ್ಟರ ಮಟ್ಟಿಗೆ ಅವರು ಸಜ್ಜನರು. ಟೆಂಗಿನ ನೀರಿನಲ್ಲಿ ಪೊಟ್ಯಾಸಿಯಂನಂಥ ಲವಣಗಳಿರುತ್ತವೆ, ಅದು ಕರೆಂಟನ್ನು ಹರಿಯಬಾರದ ಕಡೆಗೆಲ್ಲ ಹರಿಸುತ್ತದೆ, ಒಣಗಿದ ಮೇಲೂ ಲವಣ ಅಲ್ಲೇ ಕುಳಿತು ತಾಮ್ರವನ್ನು ತಿನ್ನುತ್ತದೆ ಎಂದು ಅವರು ಚಹಾದ ಬಟ್ಟಲಿಗೇ ಹೇಳುವಂತೆ ಮೆಲ್ಲಗೆ ಹೇಳಿದರು.

ಮರುದಿನ ಕಪ್ಲರಿಗೆ ಹೊಸ ಸೀಲು ಬಂತು, ಹಳೆಯ ನೆನಪು ಹೊಸ ತಲೆಗೆ ಇಳಿಯಿತು. ಡೀಸೆಲ್ ಚಿಮ್ಮಿಸುವುದರಲ್ಲಿ ಒಂದು ಇಂಜೆಕ್ಟರ್ ಇನ್ನೊಂದರಂತೆ ಇರುವುದಿಲ್ಲವಾದ್ದರಿಂದ, ನಾಲ್ಕರ ನೆತ್ತಿಯ ಮೇಲೂ ಕೊರೆದಿದ್ದ ಕೋಡ್ ನಂಬರುಗಳನ್ನು ಮಿಸ್ತ್ರಿ ಕಂಪ್ಯೂಟರಿಗೆ ಒಪ್ಪಿಸಿದರು. ಚಾವಿ ತಿರುವಿದೆ. ಎರಡು ಸೆಕೆಂಡು ಕಳೆಯಿತು, ಮೂರು ಕಳೆಯಿತು, ಗಾಡಿ ನನ್ನನ್ನು ಯಜಮಾನನೆಂದು ಒಪ್ಪಿಕೊಂಡು ಓಡತೊಡಗಿತು.

ಅವ್ವ ತಟ್ಟೆಯಲ್ಲಿ ಕಾಯಿ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. ಮಿಸ್ತ್ರಿ ಗಡಬಡಿಸಿ ಬಾನೆಟ್ ಮುಚ್ಚಿ, "ಗಾಲಿಗೆ ಒಡೀರಿ, ಅವ್ವಾರ. ಗಾಲಿಗೆ ಏನೂ ಆಗಂಗಿಲ್ಲ," ಎಂದರು.

"ಅಲ್ಲಪ್ಪಾ, ತಲಿಗೆ ಒಣಾ ಕುಂಕುಮ ಅಷ್ಟ ಹಚ್ಚಿದರ?" ಎಂದು ಅವ್ವ ಕೇಳಿದಾಗ, ಅವರು ಮೀಟರನ್ನು ಚೀಲಕ್ಕೆ ಹಾಕುವುದನ್ನು ನಿಲ್ಲಿಸಿ ಬಹಳ ಹೊತ್ತು ಯೋಚಿಸಿದರು.